ಚಾಲಕನ ಬಲಗಾಲು

"ಬುದ್ಧಿ, ನೋವನ್ನು ನುಂಗಿಕೊಂಡು ದುಡಿಯುವವನಿಗಿಂತ ದೊಡ್ಡ ಸೇವಕ ಉಂಟೇ?" ಎಂದು ಶಿಷ್ಯ ಕೇಳಿದನು.

ಮಠದ ಶಾಲೆಯ ಮಕ್ಕಳನ್ನು ವ್ಯಾನಿನಲ್ಲಿ ಕರೆತರುವುದು ಅವನ ಸೇವೆ. ಹಿಂದಿನ ಸಂಜೆ ದಾಸೋಹದ ದೊಡ್ಡ ಪಾತ್ರೆಯೊಂದು ಅವನ ಬಲಗಾಲಿನ ಮೇಲೆ ಬಿದ್ದಿತ್ತು. ಪಾದಕ್ಕೆ ಬಟ್ಟೆ ಸುತ್ತಿಕೊಂಡು ಆ ಬೆಳಿಗ್ಗೆಯೂ ವ್ಯಾನು ಓಡಿಸಿ ಬಂದಿದ್ದನು. ಗುರುಗಳು ಅದನ್ನು ಗಮನಿಸಲಿ ಎಂಬ ಆಸೆ ಅವನಿಗಿತ್ತು.

ಗುರುಗಳು ಗಮನಿಸಿದರು. ಹೊಗಳಲಿಲ್ಲ. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಸ್ ಚಾಲಕನಿದ್ದನು. ಚಪ್ಪಲಿ ಕಳಚಿಟ್ಟು, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಅವನು ಗಾಡಿ ಹೊರಡಿಸುತ್ತಿದ್ದನು. ಓಡಿಸುತ್ತಿದ್ದುದು ಬರಿಗಾಲಿನಲ್ಲಿ. ಬ್ರೇಕು ಎಷ್ಟು ಹಿಡಿಯಿತೆಂದು ಅಂಗಾಲೇ ಅವನಿಗೆ ಹೇಳುತ್ತಿತ್ತು.

ಆ ವರ್ಷ ಘಾಟಿ ರಸ್ತೆಗೆ ಹೊಸ ಬಸ್ಸು ಬಂತು. ಎಲ್ಲರಿಗಿಂತ ಹಿರಿಯನಾದ ಅವನೇ ಅದನ್ನು ಮೊದಲು ಓಡಿಸಬೇಕೆಂದು ಡಿಪೋದಲ್ಲಿ ತೀರ್ಮಾನವಾಯಿತು. ಹಳೆಯ ಬಸ್ಸುಗಳಲ್ಲೇ ತಲೆ ನರೆಸಿಕೊಂಡವನಿಗೆ ಅದು ಬಹುಕಾಲದ ಆಸೆ. ಮೊದಲ ಪಯಣದ ದಿನ ಮುಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿಕೊಳ್ಳುವೆನೆಂದು ಮಾತು ಕೊಟ್ಟಿದ್ದನು.

ಹಿಂದಿನ ದಿನ ಹಿತ್ತಲಿನಲ್ಲಿ ಒಡೆದ ಹೆಂಚಿನ ಚೂರು ಅವನ ಬಲ ಅಂಗಾಲಿಗೆ ಚುಚ್ಚಿತು. ಗಾಯ ಕಡಲೆಕಾಳಿನಷ್ಟು. ಮುಲಾಮು ಹಚ್ಚಿಕೊಂಡನು. ನಡೆಯುವಾಗ ಕುಂಟಲೂ ಇಲ್ಲ.

ಬೆಳಿಗ್ಗೆ ಬಸ್ಸಿಗೆ ಹಾರ ಹಾಕಿ ಕುಂಬಳಕಾಯಿ ಒಡೆದರು. ಜನ ಹತ್ತುವ ಮೊದಲು ಚಾಲಕನು ಬಸ್ಸನ್ನು ಡಿಪೋದ ಅಂಗಳದಲ್ಲಿ ಒಂದು ಸುತ್ತು ತಿರುಗಿಸಿದನು. ಬ್ರೇಕು ತುಳಿಯುವಾಗ ಕಾಲು ನೋವಿಗೆ ಅಂಜಿತು. ರೆಪ್ಪೆ ಬಡಿಯುವಷ್ಟು ಹೊತ್ತು ತಡೆದು, ಆಮೇಲೆ ತುಳಿಯಿತು. ನೋಡಿದವರಿಗೆ ಬಸ್ಸು ಸರಿಯಾಗಿಯೇ ನಿಂತಿತ್ತು. ಒಂದು ಮೊಳ ಮುಂದೆ ಹೋಗಿ ನಿಂತದ್ದು ಅವನೊಬ್ಬನಿಗೇ ತಿಳಿಯಿತು.

ಇನ್ನೊಂದು ಸುತ್ತು ತಿರುಗಿಸಿದನು. ಕಾಲು ಮತ್ತೆ ಅಂಜಿತು.

ಅವನು ಕೆಳಗಿಳಿದು ಬೀಗದ ಕೈಯನ್ನು ಕಿರಿಯ ಚಾಲಕನಿಗೆ ಕೊಟ್ಟನು. ಗಾಯ ಮಾಯುವ ತನಕ ರಜೆ ಬೇಕೆಂದನು.

"ಏನಣ್ಣಾ, ಕಡಲೆಕಾಳಿನಷ್ಟು ಗಾಯಕ್ಕೆ ಬಾಣಂತನವೇ?" ಎಂದು ಕಂಡಕ್ಟರ್ ನಕ್ಕನು.

"ಗಾಯ ಚಿಕ್ಕದೇ ತಮ್ಮಾ. ಘಾಟಿಯ ತಿರುವು ಚಿಕ್ಕದಲ್ಲ."

ಹೂ ಮುಡಿದು ಬಸ್ಸಿನ ಬಾಗಿಲ ಬಳಿ ಕಾಯುತ್ತಿದ್ದ ಹೆಂಡತಿ ಅವನ ಚಪ್ಪಲಿಗಳನ್ನು ತಂದು ಕಾಲ ಬಳಿ ಇಟ್ಟಳು. ಬಸ್ಸು ಗೇಟು ದಾಟಿ ಮರೆಯಾಗುವ ತನಕ ಇಬ್ಬರೂ ನಿಂತು ನೋಡಿದರು.

ಗಾಯ ಮಾಯಿತು. ಅವನು ಮತ್ತೆ ಅದೇ ಘಾಟಿಯಲ್ಲಿ ಓಡಿಸಿದನು. ಆದರೆ ಮೊದಲ ಪಯಣ ಮರಳಿ ಬರಲಿಲ್ಲ. ಮುದುಕ ಹೊಸ ಬಸ್ಸಿಗೆ ಹೆದರಿದನೆಂಬ ಮಾತು ಡಿಪೋದಲ್ಲಿ ಬಹಳ ಕಾಲ ಉಳಿಯಿತು. ಅವನು ಅದನ್ನು ತಿದ್ದಲು ಹೋಗಲಿಲ್ಲ.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. ಬಟ್ಟೆ ಸುತ್ತಿದ ಪಾದವನ್ನು ಪಂಚೆಯೊಳಗೆ ಎಳೆದುಕೊಂಡು ಕೇಳಿದನು: "ಅವನೇ ಓಡಿಸಿದ್ದರೆ ಅಂದು ಅನಾಹುತ ಆಗುತ್ತಿತ್ತೇ, ಬುದ್ಧಿ?"

ಗುರುಗಳು ಹೇಳಿದರು: "ಅಂದು ಘಾಟಿಯಲ್ಲಿ ಬಸ್ಸಿಗೆ ಯಾರೂ ಅಡ್ಡ ಬರಲಿಲ್ಲಪ್ಪಾ, ಇಂದು ನಿನ್ನ ವ್ಯಾನಿಗೂ ಯಾರೂ ಅಡ್ಡ ಬರಲಿಲ್ಲ."