ಉಡಿಯಕ್ಕಿ ಬೇಯುವ ಒಲೆ

ಮಹಾತ್ಮರ ದರ್ಶನಕ್ಕೆಂದು ಬೆಟ್ಟ ಹತ್ತಿದವರುಂಟು, ಅಡವಿ ಹೊಕ್ಕವರುಂಟು. ಪೂಜ್ಯ ಬಾಳವ್ವತಾಯಿಯವರ ದರ್ಶನಕ್ಕೆ ಮಾತ್ರ ಒಂದು ಪ್ಲಾಟ್‌ಫಾರಂ ಟಿಕೀಟು ಸಾಕಾಗುತ್ತಿತ್ತು. ಕರಿಕಟ್ಟಿ ಜಂಕ್ಷನ್ನಿನ ಎರಡನೆಯ ಪ್ಲಾಟ್‌ಫಾರಮ್ಮಿನ ತುದಿಯಲ್ಲಿ, ಉಗಿಬಂಡಿಯ ಎಂಜಿನ್ನಿಗೆ ನೀರು ತುಂಬುವ ಕಂಬದ ಪಕ್ಕ, ಒಂದು ಬೇವಿನ ಮರವಿತ್ತು. ಅದರ ಬುಡದಲ್ಲಿ ಹಾಸಿದ ಗೋಣಿತಟ್ಟೇ ತಾಯಿಯವರ ಮಠ, ಅದೇ ಅವರ ಗದ್ದುಗೆ. ಹೊಗೆ, ಸೀಟಿ, ಹಮಾಲರ ಕೂಗಾಟ ಇವುಗಳ ನಡುವೆಯೇ ಅವರ ಜಪ ನಡೆಯುತ್ತಿತ್ತು.

ಬೆಳಿಗ್ಗೆ ಊರೊಳಗೆ ಹೋಗಿ ಐದು ಮನೆಗಳಲ್ಲಿ ಭಿಕ್ಷೆ ಬೇಡಿ ತರುತ್ತಿದ್ದರು. ಅದರಲ್ಲಿ ಒಂದು ಹಿಡಿ ತಮ್ಮ ಗಂಜಿಗೆ, ಉಳಿದದ್ದೆಲ್ಲ ಮಗ್ಗುಲಿನ ಚೀಲಕ್ಕೆ. ಗಾಡಿ ಹತ್ತಲು ಬಂದ ಯಾವ ಎಳೆಯ ಹುಡುಗಿ ಕಣ್ಣಿಗೆ ಬಿದ್ದರೂ ತಾಯಿಯವರು ಎದ್ದು ಹೋಗಿ, ಐದು ಹಿಡಿ ಅಕ್ಕಿ, ಒಂದು ಅರಿಷಿಣದ ಕೊಂಬು, ಒಂದು ತುಣುಕು ಬೆಲ್ಲ ಹಾಕಿ ಉಡಿ ತುಂಬುತ್ತಿದ್ದರು. ಗಂಡುಹುಡುಗರನ್ನೂ ಬಿಡುತ್ತಿರಲಿಲ್ಲ. ಅಂಗಿಯ ಚುಂಗು ಹಿಡಿಸಿ ಅಕ್ಕಿ ಸುರಿಯುತ್ತಿದ್ದರು. "ಹುಡುಗಗ ಎಂಥಾ ಉಡಿಯವ್ವಾ?" ಎಂದು ಯಾರಾದರೂ ನಕ್ಕರೆ, "ಅವಗೂ ಹೊಟ್ಟಿ ಐತೆಲ್ಲಪ್ಪ" ಎನ್ನುತ್ತಿದ್ದರು.

ಉಡಿ ತುಂಬಿದ ಮೇಲೆ ತಾಯಿಯವರು ಕೇಳುತ್ತಿದ್ದುದು ಒಂದೇ ಮಾತು. "ಮಗಳ, ಈ ಅಕ್ಕಿ ಯಾರ ಒಲಿ ಮ್ಯಾಲೆ ಬೇಯ್ತದವ್ವಾ?"

ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಉಡಿಯನ್ನು ದಾರಿಯಲ್ಲಿ ಬಿಚ್ಚುವ ಪದ್ಧತಿಯಿಲ್ಲ. ಸೇರಬೇಕಾದ ಮನೆ ಸೇರಿ, ದೇವರ ಜಗಲಿಯ ಮುಂದೆ ಬಿಚ್ಚಿ, ಆ ಅಕ್ಕಿಯನ್ನು ಆ ಮನೆಯ ಒಲೆಯ ಮೇಲೆಯೇ ಬೇಯಿಸಿ ಎಲ್ಲರೂ ಉಣ್ಣಬೇಕು. ಆದ್ದರಿಂದ ಹುಡುಗಿಯರು ಥಟ್ಟನೆ, "ನಮ್ಮ ಸ್ವಾದರತ್ತಿ ಮನ್ಯಾಗರಿ", "ನಮ್ಮ ದೊಡ್ಡವ್ವನ ಮನ್ಯಾಗರಿ" ಎಂದುಬಿಡುತ್ತಿದ್ದರು. ತಾಯಿಯವರು ತಲೆ ಸವರಿ ಕಳಿಸುತ್ತಿದ್ದರು. ಉತ್ತರ ಬಾರದಿದ್ದರೆ ಮಾತ್ರ ಅವರು ಹಿಡಿದ ಕೈಯನ್ನು ಬಿಡುತ್ತಿರಲಿಲ್ಲ.

ಇಂಥ ಜಂಕ್ಷನ್ನಿಗೆ ಸೊಲ್ಲಾಪುರದಿಂದ ವರ್ಗವಾಗಿ ಬಂದವರು ಟಿಕೀಟು ಕಲೆಕ್ಟರ್ ಶ್ರೀಪಾದರಾವ್ ಇಟಗಿಯವರು. ಇಪ್ಪತ್ತು ವರ್ಷದ ನೌಕರಿಯಲ್ಲಿ ತಪ್ಪು ಮಾಡಿದರೆಂದು ಒಂದೇ ಒಂದು ಮೆಮೊ ತೆಗೆದುಕೊಂಡವರಲ್ಲ. ಟಿಕೀಟಿಗೆ ತೂತು ಹಾಕುವ ಇಕ್ಕಳವನ್ನು ದಿನಾಲೂ ಎಣ್ಣೆ ಹಚ್ಚಿ ಒರೆಸುತ್ತಿದ್ದರು. ದೇವರ ಮೇಲೆ ಅವರಿಗೆ ಸಿಟ್ಟಿರಲಿಲ್ಲ, ದೇವರ ಹೆಸರಿನಲ್ಲಿ ಪ್ಲಾಟ್‌ಫಾರಮ್ಮಿನ ಮೇಲೆ ಅಕ್ಕಿ ಚೆಲ್ಲುವವರ ಮೇಲೆ ಇತ್ತು.

"ಅಲ್ಲಾ, ಗಂಡನ್ನ ಕಳಕೊಂಡ ಹೆಂಗಸು ಉಡಿ ತುಂಬೋದಂದ್ರೇನು? ಶಾಸ್ತ್ರ ಅನ್ನೋದು ಬ್ಯಾಡೇನು?" ಎಂದು ಮನೆಯಲ್ಲಿ ಗೊಣಗಿದರು.

ಅವರ ಹೆಂಡತಿ ಗೋದಾಬಾಯಿ ಅಷ್ಟರಲ್ಲಾಗಲೇ ತಾಯಿಯವರಿಗೆ ಗುಟ್ಟಾಗಿ ಅಕ್ಕಿ ಕಳಿಸತೊಡಗಿದ್ದರು. "ಶಾಸ್ತ್ರಾ ಅಂದ್ರ ನಿಮ್ಮ ಗಾಡಿ ಟೈಂಟೇಬಲ್ ಅಲ್ರಿ" ಎಂದು ಅವರು ಒಲೆಯ ಕಡೆ ತಿರುಗಿದರು.

ಆ ವರ್ಷದ ಮಾಘಮಾಸದ ಒಂದು ಸೋಮವಾರ ಪುಣೆಯ ಕಡೆಯ ಪ್ಯಾಸೆಂಜರ್ ಇಪ್ಪತ್ತು ನಿಮಿಷ ತಡವಾಗಿ ಬಂತು. ಶ್ರೀಪಾದರಾಯರಿಗೆ ಮೈಯೆಲ್ಲ ಉರಿ. ಹೊರಡುವ ಹೊತ್ತಿಗೆ ನೋಡುತ್ತಾರೆ, ತಾಯಿಯವರು ಹನ್ನೆರಡು ಹದಿಮೂರರ ಒಬ್ಬ ಹುಡುಗಿಯ ಮುಂಗೈ ಹಿಡಿದು ನಿಂತಿದ್ದಾರೆ. ಹುಡುಗಿಯ ಉಡಿಯಲ್ಲಿ ಅಕ್ಕಿ. ಜೊತೆಗೆ ಹಿತ್ತಾಳೆ ಹಿಡಿಕೆಯ ಕೊಡೆ ಹಿಡಿದ ಒಬ್ಬ ಠೀವಿಯ ಮನುಷ್ಯ, "ನೋಡ್ರಿ ಸಾಹೇಬ್ರ, ಈ ಹುಚ್ಚಿ ಬಿಡವಲ್ಲಳು" ಎಂದು ದೂರುತ್ತಿದ್ದಾನೆ.

"ಹೆಸರೇನವ್ವಾ?" ಎಂದು ತಾಯಿಯವರು ಕೇಳುತ್ತಿದ್ದರು.

"ಸಾಂವಕ್ಕರಿ."

"ಈ ಅಕ್ಕಿ ಯಾರ ಒಲಿ ಮ್ಯಾಲೆ ಬೇಯ್ತದ?"

ಸಾಂವಕ್ಕ ಕೊಡೆಯವನ ಮುಖ ನೋಡಿದಳು. ಗಾರ್ಡು ಸೀಟಿ ಊದಿದ. ಶ್ರೀಪಾದರಾಯರು ಬಿರಬಿರನೆ ಬಂದು, "ಏ ಅವ್ವಾ, ಕೈ ಬಿಡ್ರಿ! ಅವರ ಟಿಕೀಟು ಸರಿ ಅವ" ಎಂದವರೇ ತಾಯಿಯವರ ಬೆರಳುಗಳನ್ನು ತಾವೇ ಬಿಡಿಸಿದರು. ಆ ಎಳೆದಾಟದಲ್ಲಿ ಉಡಿ ಬಿಚ್ಚಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಹುಡುಗಿ ಹಿಂದಿರುಗಿ ನೋಡುತ್ತ ಡಬ್ಬಿ ಹತ್ತಿದಳು, ಗಾಡಿ ಹೋಯಿತು.

ತಾಯಿಯವರು ಕೂಗಲಿಲ್ಲ, ಶಪಿಸಲಿಲ್ಲ. ನೆಲದ ಮೇಲೆ ಕುಳಿತು ಅಕ್ಕಿಯನ್ನು ಒಂದೊಂದೇ ಕಾಳಾಗಿ ಆರಿಸತೊಡಗಿದರು. ಶ್ರೀಪಾದರಾಯರು ಗುಡಿಸುವವನನ್ನು ಕರೆದು ಎಲ್ಲ ಬಳಿದು ಚೆಲ್ಲಲು ಹೇಳಿದಾಗ, ತಾಯಿಯವರು ತಲೆಯೆತ್ತಿ ಇಷ್ಟೇ ಅಂದರು: "ಇದು ಸಾಂವಕ್ಕಂದು." ಆಮೇಲೆ ಆ ಅಕ್ಕಿಯನ್ನು ಬೇವಿನೆಲೆಯ ಜೊತೆ ಒಂದು ಅರಿವೆಯಲ್ಲಿ ಕಟ್ಟಿ ಮರದ ಕೊಂಬೆಗೆ ತೂಗಹಾಕಿದರು.

ಗೇಟಿನಲ್ಲಿ ನಿಂತರೆ ಆ ಗಂಟು ಕಾಣುತ್ತಿತ್ತು. ಶ್ರೀಪಾದರಾಯರು ಬೇಕೆಂದೇ ಬೆನ್ನು ತಿರುಗಿಸಿ ನಿಲ್ಲತೊಡಗಿದರು. ತಾವು ಮಾಡಿದ್ದು ಕಾಯಿದೆಯ ಪ್ರಕಾರ ಸರಿಯೆಂದು ದಿನಕ್ಕೆ ಹತ್ತು ಸಲ ತಮಗೆ ತಾವೇ ಹೇಳಿಕೊಂಡರು. ಸರಿಯಾದದ್ದನ್ನು ಅಷ್ಟು ಸಲ ಹೇಳಿಕೊಳ್ಳಬೇಕಾಗುವುದಿಲ್ಲವೆಂಬುದು ಅವರಿಗೂ ಗೊತ್ತಿತ್ತು.

ಶ್ರಾವಣ ಬಂತು. ಒಂದು ಮಂಗಳವಾರ ಬೆಳಗಿನ ಹತ್ತು ಗಂಟೆಯ ಗಾಡಿಗೆ ಒಬ್ಬ ಮನುಷ್ಯ ನಾಲ್ವರು ಹುಡುಗಿಯರನ್ನು ಕರೆದುಕೊಂಡು ಗೇಟಿಗೆ ಬಂದ. ನಾಲ್ವರೂ ಒಂದೇ ತಾನಿನ ಹಸಿರು ಸೀರೆ ಸುತ್ತಿಕೊಂಡಿದ್ದರು. ಇನ್ನೂ ಸೀರೆ ಉಡಲು ಬಾರದ ವಯಸ್ಸು, ನಿರಿಗೆ ಕಾಲಿಗೆ ತೊಡರುತ್ತಿತ್ತು. ಟಿಕೀಟು ನೋಡಿದರೆ ಒಂದು ಪೂರ್ತಿ, ನಾಲ್ಕು ಅರ್ಧ. ಅರ್ಧ ಟಿಕೀಟು ಹನ್ನೆರಡರ ಒಳಗಿನ ಮಕ್ಕಳಿಗೆ.

"ಈ ಉದ್ದನ್ನಾಕಿಗೆ ಎಷ್ಟು?" ಎಂದು ಶ್ರೀಪಾದರಾಯರು ಕೇಳಿದರು.

"ಹನ್ನೊಂದು ತುಂಬಿಲ್ರಿ ಸಾಹೇಬ್ರ. ಬೆಳವಣಿಗಿ ಜಾಸ್ತಿ" ಎಂದು ಅವನು ನಕ್ಕ.

ಶ್ರೀಪಾದರಾಯರು ಒಂದು ಕ್ಷಣ ಅನುಮಾನಿಸಿದರು. ಹಿಂದೆ ಮಂದಿ ನೂಕುತ್ತಿದ್ದರು. ಕಟ್, ಕಟ್ ಎಂದು ಐದು ತೂತು ಹಾಕಿ ಒಳಗೆ ಬಿಟ್ಟರು. ಅವನು ಮುಂದೆ ಹೋದ ಮೇಲೆ ಅವನ ಕಂಕುಳಲ್ಲಿ ಏನೋ ಮಿಂಚಿತು. ಹಿತ್ತಾಳೆ ಹಿಡಿಕೆಯ ಕೊಡೆ!

ಮಾಘದಲ್ಲಿ ಸಾಂವಕ್ಕನನ್ನು ಗಾಡಿ ಹತ್ತಿಸಿಕೊಂಡು ಹೋದವನು ಇವನೇ ಎಂದು ರಾಯರಿಗೆ ಹೊಳೆಯಿತು. ಗೇಟು ಬಿಟ್ಟು ಹೋಗುವಂತಿಲ್ಲ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಿಟ್ಟಿರಲಿಲ್ಲ. ಅವತ್ತು ಬಿಟ್ಟು ಓಡಿದರು.

ಬೇವಿನ ಮರದ ಹತ್ತಿರ ತಾಯಿಯವರು ಆಗಲೇ ನಾಲ್ವರ ಉಡಿಯನ್ನೂ ತುಂಬಿದ್ದರು. ಹಿರಿಯವಳ ಗಲ್ಲ ಹಿಡಿದು ತಮ್ಮ ಎಂದಿನ ಪ್ರಶ್ನೆ ಕೇಳಿದರು. ಕೊಡೆಯವನು ಮಧ್ಯೆ ಬಾಯಿ ಹಾಕಿ, "ನಮ್ಮ ಅಕ್ಕನ ಮನ್ಯಾಗ ಬೇಯ್ತದ, ಸರಿ ಅತ್ಲಾಗ" ಎಂದ.

"ನಿನ್ನ ಕೇಳಿಲ್ಲಪ್ಪ. ಅಕ್ಕಿ ಇರೋದು ಆಕೀ ಉಡ್ಯಾಗ" ಎಂದರು ತಾಯಿಯವರು.

ಹುಡುಗಿ ಉಡಿಯ ಅಕ್ಕಿಯನ್ನು ನೋಡಿದಳು. "ಗೊತ್ತಿಲ್ಲವ್ವಾ" ಎಂದಳು. "ಹೊಲಿಗಿ ಕೆಲಸ ಕೊಡಸ್ತೀನಿ ಅಂತ ಸಂತ್ಯಾಗ ನಮ್ಮವ್ವನ ಮುಂದ ಹೇಳಿದ್ರು. ಯಾವ ಊರು, ಯಾರ ಮನಿ, ಏನೂ ಹೇಳವಲ್ರು. ಕೇಳಿದ್ರ ಬೈತಾರ."

ಡಬ್ಬಿಯ ಕಿಟಕಿಯಲ್ಲಿ ಕುಳಿತಿದ್ದ ಒಬ್ಬ ಮುದುಕಿ ಇದನ್ನು ಕೇಳಿಸಿಕೊಂಡು ಎದ್ದು ನಿಂತಳು. "ಏನಂದಿ? ಉಡಿಯಕ್ಕಿ ಎಲ್ಲಿ ಬೇಯ್ತದ ಅನ್ನೋದ ಗೊತ್ತಿಲ್ಲದ ಹುಡುಗ್ಯಾರನ್ನ ಎಳಕೊಂಡು ಹೊಂಟಾನ?"

"ಏ ಮುದುಕಿ, ಸುಮ್ನಿರು!" ಕೊಡೆಯವನು ಗದರಿದ. "ನಾಲ್ವರಿಗೂ ಹದಿನೆಂಟು ತುಂಬ್ಯಾವ. ತಮ್ಮ ಖುಷೀಲೆ ಹೊಂಟಾರ. ಯಾರ ಅಪ್ಪಣಿ ಬೇಕು?"

"ಹದಿನೆಂಟು?"

ಕೇಳಿದವರು ಏದುಸಿರು ಬಿಡುತ್ತ ಬಂದ ಶ್ರೀಪಾದರಾಯರು. ಜೀವಮಾನದಲ್ಲಿ ಅವರ ದನಿ ಅಷ್ಟು ಎತ್ತರಕ್ಕೆ ಏರಿರಲಿಲ್ಲ. "ಗೇಟಿನ್ಯಾಗ ಹನ್ನೊಂದು ತುಂಬಿರಲಿಲ್ಲ. ಇಲ್ಲಿಗೆ ಬರೂದ್ರಾಗ ಹದಿನೆಂಟಾತೇನು? ತಗೀ ಆ ಅರ್ಧ ಟಿಕೀಟು! ನನ್ನ ಕೈಲೆ ತೂತು ಹಾಕೀನಿ!"

ಗಾರ್ಡು ಹಸಿರು ನಿಶಾನೆ ಎತ್ತಿದ್ದ. ಶ್ರೀಪಾದರಾಯರು ಎರಡೂ ಕೈ ಮೇಲೆತ್ತಿ, "ಗಾಡಿ ಬಿಡಬ್ಯಾಡ್ರಿ!" ಎಂದು ಕೂಗಿದರು. ಮೂರನೆಯ ದರ್ಜೆಯ ಡಬ್ಬಿಗಳಿಂದ ಹೆಂಗಸರು ಧುಮುಧುಮು ಇಳಿದರು. ಸಂತೆಗೆ ಹೊರಟವರು, ಬಾಣಂತನಕ್ಕೆ ಹೊರಟವರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು, ಎಲ್ಲರೂ ಬಂದು ಡಬ್ಬಿಯ ಬಾಗಿಲಿಗೆ ಅಡ್ಡ ನಿಂತರು. ಕೊಡೆಯವನು ಹಳಿ ದಾಟಿ ಓಡಲು ನೋಡಿದ. ಎಂಜಿನ್ನಿಗೆ ಕಲ್ಲಿದ್ದಲು ಹಾಕುವ ಇಬ್ಬರು ಜಿಗಿದು ಅವನ ರಟ್ಟೆ ಹಿಡಿದು ತಂದರು. ಹೆಂಗಸರಲ್ಲಿ ಯಾರೋ ಅವನ ಕೊಡೆಯಿಂದಲೇ ಅವನಿಗೆ ಎರಡು ಬಿಗಿದರಂತೆ. ತಾಯಿಯವರು ಬೇಡವೆಂದು ಕೈ ಅಡ್ಡ ಮಾಡಿದರು, ಇಲ್ಲದಿದ್ದರೆ ಇನ್ನೂ ಬೀಳುತ್ತಿದ್ದವು.

ಪೊಲೀಸರು ಬಂದು ಅವನನ್ನು ಒಯ್ದಾಗ ಎಂಜಿನ್ನಿನವನು ಉದ್ದಕ್ಕೆ ಸೀಟಿ ಊದಿದ. ಇಡೀ ಪ್ಲಾಟ್‌ಫಾರಮ್ಮು "ಬಾಳವ್ವತಾಯಿ ಮಹಾರಾಜ್ ಕೀ ಜೈ" ಎಂದಿತು. ಗಾಡಿ ಮೂವತ್ತೈದು ನಿಮಿಷ ತಡವಾಗಿ ಹೊರಟಿತು. ಸ್ಟೇಷನ್ನಿನ ವಹಿಯಲ್ಲಿ ತಡವಾದ ಕಾರಣ ಬರೆಯುವ ಜಾಗದಲ್ಲಿ ಶ್ರೀಪಾದರಾಯರು ತಮ್ಮ ದುಂಡು ಅಕ್ಷರದಲ್ಲಿ 'ಉಡಿ ತುಂಬುವ ಕಾರ್ಯ' ಎಂದು ಬರೆದು ಸಹಿ ಹಾಕಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಮೆಮೊ ಅದಕ್ಕಾಗಿ ಬಂತು. ಅದನ್ನು ಅವರು ಕಣ್ಣಿಗೊತ್ತಿಕೊಂಡರು.

ಅದೇ ದಿನ ನಾಲ್ವರನ್ನೂ ಅವರೇ ಮೋಟಾರಿನಲ್ಲಿ ಊರಿಗೆ ಮುಟ್ಟಿಸಿದರು. ಒಂದೊಂದು ಮನೆಯಲ್ಲೂ ಹುಡುಗಿ ತನ್ನ ಜಗಲಿಯ ಮುಂದೆ ಉಡಿ ಬಿಚ್ಚುವುದನ್ನು ನೋಡಿಯೇ ಹೊರಬಿದ್ದರು. ಹಿರಿಯವಳ ತಾಯಿ ಅವರ ಕಾಲು ಹಿಡಿಯಲು ಬಂದಳು. ರಾಯರು ನಾಲ್ಕು ಹೆಜ್ಜೆ ಹಿಂದೆ ಸರಿದರು. ತಮ್ಮ ಕಾಲಿಗೆ ಆ ಯೋಗ್ಯತೆ ಇಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವರು ಬೇವಿನ ಮರದ ಕೆಳಗೆ ಉದ್ದಂಡ ಬಿದ್ದರು. "ತಾಯಿ, ನಾಲ್ವರು ಉಳಿದ್ರು. ಆದ್ರ ಆ ಒಂದು ಕೂಸನ್ನ ನನ್ನ ಕೈಯಾರೆ ನಾನ ಗಾಡಿ ಹತ್ತಿಸೀನಿ. ನಿಮ್ಮ ಬೆರಳು ನಾನ ಬಿಡಿಸೀನಿ. ನನಗೆಲ್ಲಿ ಪ್ರಾಯಶ್ಚಿತ್ತ?" ಎಂದು ಚಿಕ್ಕ ಮಕ್ಕಳಂತೆ ಅತ್ತರು.

ತಾಯಿಯವರು ಕೊಂಬೆಯ ಗಂಟನ್ನು ಮುಟ್ಟಿ ನೋಡಿದರು. "ಈ ಅಕ್ಕಿ ಇನ್ನೂ ಬೆಂದಿಲ್ಲಪ್ಪ. ಹುಡುಕು."

ಇಷ್ಟೇ ಮಾತು. ಶ್ರೀಪಾದರಾಯರಿಗೆ ಅದೇ ಅಪ್ಪಣೆಯಾಯಿತು. ಕೊಡೆಯವನು ಪೊಲೀಸರ ಮುಂದೆ ಉಸುರಿದ ಊರುಗಳನ್ನು ಬರೆದುಕೊಂಡರು. ಕೂಡಿಟ್ಟ ರಜೆಯನ್ನೆಲ್ಲ ತೆಗೆದು, ಒಬ್ಬ ಹವಾಲ್ದಾರರ ಜೊತೆ ಊರೂರು ಅಲೆದರು. ದಾರಿಯುದ್ದದ ಟಿ.ಸಿ.ಗಳಿಗೆ, ಗಾರ್ಡುಗಳಿಗೆ, ಹಮಾಲರಿಗೆ ಸಾಂವಕ್ಕನ ಗುರುತು ಹೇಳಿದರು. ಮೂರು ಸಲ ಬರಿಗೈಯಲ್ಲಿ ಬಂದರು. ನೌಕರಿಯ ಮೇಲಿದ್ದ ದಿನಗಳಲ್ಲಿ ಗೇಟಿನಲ್ಲಿ ಮಕ್ಕಳು ಕಂಡರೆ, "ಯಾರ ಮನಿಗೆ ಹೊಂಟೀಯಪ್ಪಾ? ನೀನು, ತಂಗೀ?" ಎಂದು ಮೊದಲು ಕೇಳಿ ಆಮೇಲೆ ಟಿಕೀಟಿಗೆ ಕೈಚಾಚುತ್ತಿದ್ದರು. ಮಂದಿ ಅವರಿಗೂ ಹುಚ್ಚು ಹಿಡಿಯಿತೆಂದರು. ರಾಯರಿಗೆ ಅದು ಬಿರುದಿನ ಹಾಗೆ ಹಿತವಾಗಿ ಕೇಳಿಸಿತು.

ನಾಲ್ಕನೆಯ ಸಲ, ಮತ್ತೆ ಮಾಘಮಾಸ ಬಂದಾಗ, ದೂರದ ಒಂದು ಶಹರದ ಬೀಗ ಹಾಕಿದ ಮನೆಯಿಂದ ಪೊಲೀಸರು ಸಾಂವಕ್ಕನನ್ನು ಹೊರಗೆ ತಂದರು. ಅಲ್ಲಿ ಅವಳು ಏನು ಅನುಭವಿಸಿದಳೆಂಬುದನ್ನು ತಾಯಿಯವರು ಯಾರಿಗೂ ಕೇಳಗೊಡಲಿಲ್ಲ. ನಾವೂ ಕೇಳುವುದು ಬೇಡ.

ಅವಳ ತಾಯಿ ಆ ವರ್ಷವೇ ತೀರಿಕೊಂಡಿದ್ದಳು. ತಂದೆ ಮೊದಲೇ ಇರಲಿಲ್ಲ. ಊರಿನವರು ಮುಖ ತಿರುಗಿಸಿದ್ದರು. ಶ್ರೀಪಾದರಾಯರು ಅವಳನ್ನು ನೇರವಾಗಿ ಬೇವಿನ ಮರದ ಹತ್ತಿರ ಕರೆತಂದರು. ಗೋದಾಬಾಯಿಯವರೂ ಬಂದು ನಿಂತಿದ್ದರು. ತಾಯಿಯವರು ಕೊಂಬೆಯ ಗಂಟು ಬಿಚ್ಚಿ, ಅದೇ ಅಕ್ಕಿಯನ್ನು ಅವಳ ಉಡಿಗೆ ತುಂಬಿ, ಅವಳ ಮುಂಗೈ ಹಿಡಿದು ಅದೇ ಪ್ರಶ್ನೆಯನ್ನು ಕೇಳಿದರು.

"ಮಗಳ, ಈ ಅಕ್ಕಿ ಯಾರ ಒಲಿ ಮ್ಯಾಲೆ ಬೇಯ್ತದವ್ವಾ?"

ಶ್ರೀಪಾದರಾಯರು ತಡೆಯಲಾರದೆ, "ನಮ್ಮ ಮನ್ಯಾಗ, ತಾಯಿ" ಎಂದರು.

"ನಿನ್ನ ಕೇಳಿಲ್ಲಪ್ಪ" ಎಂದರು ತಾಯಿಯವರು. ಆದರೆ ಈ ಸಲ ಅವರ ಕಣ್ಣು ನಗುತ್ತಿತ್ತು.

ಯಾರೂ ಅವಸರ ಮಾಡಲಿಲ್ಲ. ಸಾಂವಕ್ಕ ಉಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು, ಗೋದಾಬಾಯಿಯವರ ಕಡೆ ಮುಖ ಎತ್ತಿ, "ಈ ಅವ್ವನ ಮನ್ಯಾಗರಿ" ಎಂದಳು.

ಬಾಳವ್ವತಾಯಿಯವರು ಹಿಡಿದಿದ್ದ ಅವಳ ಮುಂಗೈಯನ್ನು ಬಿಟ್ಟರು.

ಆ ಮಧ್ಯಾಹ್ನ ಇಟಗಿಯವರ ಮನೆಯಲ್ಲಿ ಆ ಅಕ್ಕಿ ಬೆಂದಿತು. ಅನ್ನಕ್ಕೆ ಬೇವಿನ ವಾಸನೆ ಹತ್ತಿತ್ತು. ನಡುನಡುವೆ ಪ್ಲಾಟ್‌ಫಾರಮ್ಮಿನ ಸಣ್ಣ ಹರಳುಗಳೂ ಇದ್ದವು. ಒಮ್ಮೆ ತಾವೇ ಗುಡಿಸಿ ಚೆಲ್ಲಲು ಹೇಳಿದ ಆ ಅಕ್ಕಿಯನ್ನು ಶ್ರೀಪಾದರಾಯರು ಮಗಳ ಪಕ್ಕದಲ್ಲಿ ಕುಳಿತು, ಒಂದು ಅಗುಳೂ ಎಲೆಯಲ್ಲಿ ಉಳಿಯದಂತೆ ಉಂಡರು.