ಹನ್ನೆರಡನೆಯ ಸಾಲಿನ ಕೆಳಗೆ

"ಗುರುಗಳೇ, ನೀವು ದಿನವೂ ಪಾಠವನ್ನು ಅರ್ಧಕ್ಕೇ ಬಿಟ್ಟು ಏಳುತ್ತೀರಿ. ಯಾಕೆ?" ಎಂದು ಸಂಪಂಗಿ ಕೇಳಿದ.

ಅವನು ಆ ಸಣ್ಣ ಮಠದಲ್ಲಿ ಒಂಬತ್ತು ವರ್ಷ ಓದಿದವನು. ಮಾರನೆಯ ದಿನ ಇನ್ನೊಂದು ಊರಿನ ಮಠಕ್ಕೆ ಪಾಠ ಹೇಳಲು ಹೊರಡುವವನಿದ್ದ. ತೊಡೆಯ ಮೇಲೆ ದಪ್ಪನೆಯ ನೋಟುಪುಸ್ತಕವಿತ್ತು.

"ನಿನ್ನೆಯಂತೂ ಮಾತಿನ ನಡುವೆಯೇ ಎದ್ದು ಸ್ನಾನಕ್ಕೆ ಹೋದಿರಿ. ಬರೆದುಕೊಳ್ಳುವಾಗ ಅದನ್ನೆಲ್ಲ ನಾನು ಸರಿಮಾಡಿದ್ದೇನೆ. ನೀವು ಬಿಟ್ಟಲ್ಲಿ ಒಂದು ವಾಕ್ಯ ಸೇರಿಸಿ, ಪಾಠ ಮುಗಿಸಿ, ಕೆಳಗೆ ಗೆರೆ ಎಳೆದಿದ್ದೇನೆ. ಅಲ್ಲಿಯ ವಿದ್ಯಾರ್ಥಿಗಳಿಗೆ ಇದನ್ನೇ ಓದಿ ಹೇಳುತ್ತೇನೆ. ತಪ್ಪೇ?"

ಗುರುಗಳು ಪುಸ್ತಕವನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ" ಎಂದು ನಕ್ಕು, ಈ ಕತೆ ಹೇಳಿದರು.

ಒಬ್ಬ ತೋಟಗಾರನಿದ್ದ. ಹಿಪ್ಪುನೇರಳೆ ಬೆಳೆಯುತ್ತಿದ್ದ, ರೇಷ್ಮೆ ಹುಳು ಸಾಕುತ್ತಿದ್ದ. ಅಚ್ಚುಕಟ್ಟು ಎಂದರೆ ಅವನಿಗೆ ಪ್ರಾಣ. ಅವನ ತೋಟದ ಗಿಡಗಳು ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ ಸಾಲಾಗಿ ನಿಲ್ಲುತ್ತಿದ್ದವು.

ಹುಳು ಸಾಕುವವರೆಲ್ಲ ಸೇರಿ ಮಾತಾಡುವ ವೇದಿಕೆಯೊಂದು ಇಂಟರ್ನೆಟ್ಟಿನಲ್ಲಿತ್ತು. ಯಾವ ಔಷಧಿ ಹೊಡೆದರೆ ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕು ಎಂದು ಅಲ್ಲಿ ಜನ ಮೇಲಿಂದ ಮೇಲೆ ಕೇಳುತ್ತಿದ್ದರು. ತೋಟಗಾರ ತನ್ನ ಹಲವು ವರ್ಷಗಳ ಅನುಭವವನ್ನೆಲ್ಲ ಒಂದು ಸ್ಪ್ರೆಡ್‌ಶೀಟಿಗೆ ಇಳಿಸಿದ. ಹತ್ತೊಂಬತ್ತು ಔಷಧಿ, ಹತ್ತೊಂಬತ್ತು ಸಾಲು. ಅದನ್ನು ವೇದಿಕೆಯ ಒಂದು ಬರಹದೊಳಗೆ ಕೂರಿಸಿದ. "ಈ ಔಷಧಿಗಳನ್ನು ಹೊಡೆದವರು ಇಷ್ಟು ದಿನ ಕಾಯಲೇಬೇಕು" ಎಂದು ಮೇಲೆ ಬರೆದ.

ವೇದಿಕೆ ಆ ಪಟ್ಟಿಗೆ ಒಂದು ಸಣ್ಣ ಚೌಕಟ್ಟನ್ನಷ್ಟೇ ಕೊಟ್ಟಿತು. ಅದರಲ್ಲಿ ಮೂರೂವರೆ ಸಾಲು ಮಾತ್ರ ಕಂಡವು. ತೋಟಗಾರನಿಗೆ ಕಸಿವಿಸಿಯಾಯಿತು. ಚೌಕಟ್ಟು ಎಷ್ಟು ಎತ್ತರವಿರಬೇಕೆಂದು ಒಂದು ಸಂಖ್ಯೆಯಲ್ಲಿ ಬರೆಯಬೇಕಿತ್ತು; ಆ ಸಂಖ್ಯೆಯನ್ನು ಒಮ್ಮೆಗೇ ಏರಿಸಿದ. ಈಗ ಚೌಕಟ್ಟು ಫೋನಿನ ಪರದೆಗಿಂತ ದೊಡ್ಡದಾಯಿತು. ಬೆರಳು ಅದರೊಳಗೇ ಸಿಕ್ಕಿಕೊಳ್ಳುತ್ತದೆ, ಕೆಳಗಿನ ಮಾತು ಓದಲು ಆಗುತ್ತಿಲ್ಲ ಎಂದು ಜನ ದೂರಿದರು. ಎಲ್ಲ ಸಾಲುಗಳೂ ಸಣ್ಣ ಚೌಕಟ್ಟಿನಲ್ಲೇ ಹಿಡಿಯಲಿ ಎಂದು ಅಕ್ಷರವನ್ನು ಕುಗ್ಗಿಸಿದ. ವಯಸ್ಸಾದವರು ಕನ್ನಡಕ ಹಾಕಿದರೂ ಕಾಣದು ಎಂದರು. ಅವರು ಹೇಳಿದ್ದು ನಿಜವೇ.

ಅಕ್ಷರವನ್ನು ಮೊದಲಿನಂತೆ ಮಾಡಿದ. ಎತ್ತರವನ್ನು ನಾನೂರಕ್ಕೆ ಇಟ್ಟ. ತಳದಲ್ಲಿ ಹದಿಮೂರನೆಯ ಸಾಲು ತುದಿ ಕತ್ತರಿಸಿದಂತೆ ಕಂಡಿತು. ಅದು ಅವನ ಕಣ್ಣಿಗೆ ಚುಚ್ಚಿತು. ಮುನ್ನೂರ ತೊಂಬತ್ತಕ್ಕೆ ಇಳಿಸಿದ. ಇನ್ನೂ ಅರ್ಧ ಸಾಲು ಇಣುಕುತ್ತಿತ್ತು. ಇಡೀ ಮಧ್ಯಾಹ್ನ ಕೂತು ಒಂದೊಂದೇ ಇಳಿಸುತ್ತ ಬಂದ. ಮುನ್ನೂರ ಎಪ್ಪತ್ತಾರಕ್ಕೆ ಬಂದಾಗ ಚೌಕಟ್ಟಿನ ಅಂಚು ಹನ್ನೆರಡನೆಯ ಸಾಲಿನ ಕೆಳಗಿನ ಗೆರೆಯ ಮೇಲೆ ಸರಿಯಾಗಿ ಕೂತಿತು. ನಾಲ್ಕೂ ಕಡೆ ಗೆರೆ, ನಡುವೆ ಹನ್ನೆರಡು ಸಾಲು. ಗೋಡೆಗೆ ತೂಗುಹಾಕಬಹುದಿತ್ತು. ಅವನಿಗೆ ಬಹಳ ಸಂತೋಷವಾಯಿತು. ಮೆಚ್ಚಿಕೊಂಡು ನಲವತ್ತು ಜನ ಬರೆದರು.

ಉಳಿದ ಏಳು ಸಾಲುಗಳು ಎಲ್ಲಿಗೂ ಹೋಗಿರಲಿಲ್ಲ. ಬೆರಳಿಟ್ಟು ಮೇಲಕ್ಕೆ ತಳ್ಳಿದರೆ ಬರುತ್ತಿದ್ದವು.

ಬೇರೊಂದು ಊರಿನಲ್ಲಿ ಒಬ್ಬ ಹೆಂಗಸು ಒಬ್ಬಳೇ ಹುಳು ಸಾಕುತ್ತಿದ್ದಳು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಸಾಕುವವರು ಅದನ್ನು ಜ್ವರ ಎನ್ನುತ್ತಾರೆ. ಅವಳ ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಇನ್ನೊಂದು ವಾರ ಹೊಟ್ಟೆ ತುಂಬ ತಿಂದರೆ ಗೂಡು. ಆದರೆ ಅವಳ ತೋಟದ ಸೊಪ್ಪು ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ಮಡಿ. ಅದಕ್ಕೆ ಹಿಟ್ಟು ತಿಗಣೆ ಹತ್ತಿದ್ದರಿಂದ ಐದು ದಿನದ ಹಿಂದೆ ಔಷಧಿ ಹೊಡೆದಿದ್ದಳು.

ಅವಳು ಅವಸರದವಳಲ್ಲ. ಪಟ್ಟಿ ತೆಗೆದು, ಔಷಧಿಯ ಡಬ್ಬಿಯನ್ನು ಪಕ್ಕದಲ್ಲಿಟ್ಟುಕೊಂಡು, ಮೊದಲ ಸಾಲಿನಿಂದ ಹನ್ನೆರಡನೆಯದರವರೆಗೆ ಎರಡು ಸಲ ಓದಿದಳು. ತನ್ನ ಔಷಧಿಯ ಹೆಸರು ಇರಲಿಲ್ಲ. ಅಂದಮೇಲೆ ಇದಕ್ಕೆ ಕಾಯಬೇಕಾಗಿಲ್ಲ ಎಂದುಕೊಂಡು ಬೆಳಿಗ್ಗೆ ಸೊಪ್ಪು ಕೊಯ್ದು ಹಾಸಿದಳು.

ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಲೆ ಎತ್ತಿ ಆಡಿಸತೊಡಗಿದವು. ಬಾಯಿಂದ ಹಸಿರು ನೀರು ಬಂತು. ಸಂಜೆಗೆ ಮನೆ ತುಂಬ ಹಾಸಿದ್ದ ಹುಳುಗಳಲ್ಲಿ ಒಂದೂ ಅಲುಗಲಿಲ್ಲ. ಅವಳು ಅವನ್ನು ಬುಟ್ಟಿಬುಟ್ಟಿ ಹೊತ್ತು ಗುಂಡಿಗೆ ಸುರಿದಳು. ಹೇಳುವಾಗ ನನಗೇ ಸಂಕಟವಾಗುತ್ತದೆ.

ಮಾರನೆಯ ದಿನ ವೇದಿಕೆಯಲ್ಲಿ ಅವಳು ಬರೆದಳು: "ಅಣ್ಣಾ, ನಾನು ಹೊಡೆದ ಔಷಧಿ ನಿಮ್ಮ ಪಟ್ಟೀಲಿ ಇರ್ಲಿಲ್ಲ. ಹುಳ ಎಲ್ಲಾ ಹೋಯ್ತು."

ತೋಟಗಾರ ಉತ್ತರಿಸಿದ: "ಇದೆಯಲ್ಲಮ್ಮ, ಹದಿನೈದನೇ ಸಾಲು. ಇಪ್ಪತ್ತು ದಿನ ಕಾಯಬೇಕು ಅಂತ ಬರೆದಿದ್ದೀನಿ. ಬೆರಳಲ್ಲಿ ಮೇಲಕ್ಕೆ ತಳ್ಳಿ ನೋಡಬೇಕಿತ್ತು."

ಅವಳು ಬರೆದಳು: "ಗೆರೆ ಹೊಡ್ದು ಮುಗಿಸ್ದಂಗೆ ಇತ್ತಲ್ಲಣ್ಣ. ಮುಗಿದಿದ್ದನ್ನ ಯಾರು ತಳ್ತಾರೆ?"

ತೋಟಗಾರ ಪಟ್ಟಿಯನ್ನು ಮತ್ತೆ ತೆರೆದ. ಚೌಕಟ್ಟಿನ ಎತ್ತರವನ್ನು ಮುನ್ನೂರ ತೊಂಬತ್ತೊಂದಕ್ಕೆ ಏರಿಸಿದ. ಹದಿಮೂರನೆಯ ಸಾಲು ನಡು ಕತ್ತರಿಸಿಕೊಂಡು ತಳದಲ್ಲಿ ನಿಂತಿತು. ಇಷ್ಟು ಚೆನ್ನಾಗಿದ್ದ ಪಟ್ಟಿಯನ್ನು ಯಾಕೆ ಕೆಡಿಸಿದಿರಿ ಎಂದು ಕೆಲವರು ಕೇಳಿದರು. ಅವನು ಅದನ್ನು ಹಾಗೆಯೇ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು.

"ಪಾಪ, ಆಕೆಗೆ ಆಗಿದ್ದು ದೊಡ್ಡ ನಷ್ಟ. ಆದರೂ ಗುರುಗಳೇ, ತೋಟಗಾರ ಏನನ್ನೂ ಬಚ್ಚಿಡಲಿಲ್ಲವಲ್ಲ? ಅವನ ಪಟ್ಟಿಯಲ್ಲಿ ಒಂದೂ ಸುಳ್ಳಿರಲಿಲ್ಲ" ಎಂದ ಸಂಪಂಗಿ.

"ಒಂದಿತ್ತು" ಎಂದರು ಗುರುಗಳು. "ಹನ್ನೆರಡನೆಯ ಸಾಲಿನ ಕೆಳಗೆ."

ಸಂಪಂಗಿಯ ಕೈ ತೊಡೆಯ ಮೇಲಿನ ಪುಸ್ತಕದತ್ತ ಹೋಯಿತು. ಅದನ್ನು ತೆರೆಯಲು ಅವನಿಗೆ ಧೈರ್ಯವಾಗಲಿಲ್ಲ. ಗುರುಗಳು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಬಾಗಿಲ ಬಳಿ ನಿಂತು ಕೇಳಿದರು:

"ನೀನು ಒಟ್ಟು ಎಷ್ಟು ಗೆರೆ ಎಳೆದಿದ್ದೀಯ, ಸಂಪಂಗಿ?"