ಬೆಚ್ಚಗಿದ್ದ ಹಿಂದಿನ ಸೀಟು

ಹೊಳೆಯ ದಂಡೆಯಲ್ಲಿ ಬುಡನ್ ಉಸ್ತಾದರ ತಗಡಿನ ರಿಪೇರಿ ಶೆಡ್ಡು. ನಲವತ್ತು ವರ್ಷಗಳಿಂದ ಅಲ್ಲಿಗೆ ಕೆಟ್ಟವು ಬರುತ್ತವೆ, ಒಳ್ಳೆಯವಾಗಿ ಹೋಗುತ್ತವೆ. ಈ ಮಾತು ಗಾಡಿಗಳಿಗೋ ಶಿಷ್ಯರಿಗೋ ಎಂದು ಊರಿನವರು ನಗುತ್ತಾರೆ.

ಆ ಶೆಡ್ಡಿಗೆ ಒಂದು ಪದ್ಧತಿ ಇತ್ತು. ಸ್ವಂತ ಶೆಡ್ಡು ಹಾಕಬೇಕು ಎನ್ನುವ ಶಿಷ್ಯ ಸತ್ತ ಗಾಡಿಯೊಂದನ್ನು ಒಬ್ಬನೇ ಬದುಕಿಸಬೇಕು. ಉಸ್ತಾದರು ಕೈ ಹಚ್ಚುವುದಿಲ್ಲ. ಗಾಡಿ ಸಿದ್ಧವಾದ ದಿನ ಹಿಂದಿನ ಸೀಟಿನಲ್ಲಿ ಬಂದು ಕೂರುತ್ತಾರೆ, ಅಷ್ಟೇ. ಹೊಳೆಯಿಂದ ಮೇಲಿನ ರಸ್ತೆಗೆ ಹೋಗುವ ಕಡಿದಾದ ಏರನ್ನು ಮೂರು ಸಲ ಹತ್ತಿಸಬೇಕು. ಹತ್ತಿಸಿದವನು ಮೇಸ್ತ್ರಿ. ಉಸ್ತಾದರು ಹೂಂ ಅನ್ನದವನ ಕೈಗೆ ಆ ಊರಿನಲ್ಲಿ ಯಾರೂ ಸೈಕಲ್ಲನ್ನೂ ಕೊಡುವುದಿಲ್ಲ.

ತಿಪ್ಪೇಶ ಆ ಹೂಂಗಾಗಿ ಹನ್ನೊಂದು ವರ್ಷ ಕಾದಿದ್ದ. ಮದುವೆಯಾಗಿತ್ತು, ತಲೆಯಲ್ಲಿ ಎರಡು ಬಿಳಿ ಕೂದಲೂ ಬಂದಿದ್ದವು.

ಅವನ ಪಾಲಿಗೆ ಬಂದದ್ದು ಹಾಲಮ್ಮ ಟೀಚರ ಕಾರು. ಗುಂಡು ಮೂತಿ, ದಪ್ಪ ತಗಡು, ಟೀಚರಿಗಿಂತ ಐದಾರು ವರ್ಷಕ್ಕೆ ಚಿಕ್ಕದು. ಎಂಜಿನ್ನು ಸೀಳಿಹೋಗಿತ್ತು. ಅದರ ಸಾಮಾನು ಸಿಗುವ ಕಾಲ ಎಂದೋ ಮುಗಿದಿತ್ತು.

"ಗುಜರಿ ಅನ್ನೋ ಮಾತು ಮಾತ್ರ ಆಡಬ್ಯಾಡ್ರಪ್ಪ," ಎಂದಿದ್ದರು ಟೀಚರು. "ಮೂವತ್ತು ವರ್ಷ ಸ್ಕೂಲಿಗೆ ಹೋಗಿದ್ದು ಇದರಾಗೆ. ಹೆಂಗಾದ್ರೂ ಓಡಂಗೆ ಮಾಡ್ರಿ."

ತಿಪ್ಪೇಶ ಒಂದು ದಿನವೆಲ್ಲ ಕಾರಿನ ಸುತ್ತ ತಿರುಗಿದ. ಸಂಜೆ ಉಸ್ತಾದರ ಮುಂದೆ ಬಂದು ನಿಂತ.

"ಎಂಜಿನ್ನು ಕಿತ್ತು ಹಾಕ್ತೀನ್ರಿ ಉಸ್ತಾದ್. ಮೋಟರು, ಬ್ಯಾಟರಿ ಕೂರಿಸಿ ಕರೆಂಟಿನ ಗಾಡಿ ಮಾಡ್ತೀನಿ."

"ಮಾಡು. ಆದ್ರೆ ಹೊಸಾದು ಏನೂ ಕೊಳ್ಳಂಗಿಲ್ಲ."

"ಅದ್ಯಾಕ್ರಿ?"

"ಹೊಸಾದನ್ನ ಯಾರು ಬೇಕಾದ್ರೂ ನಂಬ್ತಾರೆ. ಹಳೇದನ್ನ ನಂಬಬೇಕಂದ್ರೆ ಅದರ ಗುಣ ಗೊತ್ತಿರಬೇಕು."

ತಿಪ್ಪೇಶ ಗುಜರಿ ಅಂಗಡಿಗಳನ್ನು ಜಾಲಾಡಿದ. ಗೋಡೌನಿನಲ್ಲಿ ಮೂಟೆ ಎತ್ತುತ್ತಿದ್ದ ಗಾಡಿಯೊಂದರ ಮೋಟರು ಸಿಕ್ಕಿತು. ಅದನ್ನು ಕಾರಿನ ಹಳೆಯ ಗೇರ್‌ಬಾಕ್ಸಿಗೆ ಜೋಡಿಸಲು ಕಬ್ಬಿಣದ ಪ್ಲೇಟೊಂದನ್ನು ನಾಲ್ಕು ಸಲ ಕೆಡಿಸಿ ಐದನೇ ಸಲ ಸರಿಯಾಗಿ ಕೊರೆದ. ಉಸ್ತಾದರು ದೂರದಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದರು. ನಾಲ್ಕು ಸಲವೂ ಅವರು ಬಾಯಿ ಬಿಡಲಿಲ್ಲ ಎಂಬುದೇ ತಿಪ್ಪೇಶನಿಗೆ ಸಿಟ್ಟು.

ಬ್ಯಾಟರಿಗಳು ಅಪಘಾತವಾದ ಕರೆಂಟಿನ ಆಟೋಗಳಿಂದ ಬಂದವು. ಹದಿನೆಂಟು ಸಿಕ್ಕವು. ಬೇಕಾಗಿದ್ದು ಹನ್ನೆರಡು. ತಿಪ್ಪೇಶ ಒಂದೊಂದಕ್ಕೂ ಮೀಟರು ಹಿಡಿದು ನೋಡಿ ಹಿಗ್ಗಿದ.

"ಎಲ್ಲಾ ಒಂದೇ ಸಮ ತೋರಿಸ್ತಾವ್ರಿ! ಒಂದೂ ಕೆಟ್ಟಿಲ್ಲ."

"ಮದುವಿ ಮನ್ಯಾಗೆ ಊಟಕ್ಕೆ ಕುಂತಾಗ ಎಲ್ಲಾರೂ ನೆಂಟರೇ," ಎಂದರು ಉಸ್ತಾದರು. "ಎಲೆ ಎತ್ತೋ ಹೊತ್ತಿಗೆ ಎಷ್ಟು ಮಂದಿ ಉಳೀತಾರೆ ನೋಡು."

ತಿಪ್ಪೇಶ ಅರ್ಧ ಗಂಟೆ ತಲೆ ಕೆರೆದುಕೊಂಡ. ಆಮೇಲೆ ಲಾರಿಯ ಹೆಡ್‌ಲೈಟು ಬಲ್ಬುಗಳನ್ನು ತಂದು ಒಂದೊಂದು ಬ್ಯಾಟರಿಗೆ ಒಂದೊಂದು ಕಟ್ಟಿದ. ಹೊರೆ ಹೊರಿಸಿ ಕಾದ. ಮಧ್ಯಾಹ್ನವಾಗುವಷ್ಟರಲ್ಲಿ ಬಲ್ಬುಗಳು ಒಂದೊಂದಾಗಿ ಮಂಕಾಗತೊಡಗಿದವು. ಸಂಜೆಯವರೆಗೆ ಚೆನ್ನಾಗಿ ಉರಿದವು ಹತ್ತೇ. ಇನ್ನೆರಡು ಹೇಗೋ ಏದುಸಿರು ಬಿಡುತ್ತ ನಾಲ್ಕು ಗಂಟೆಯವರೆಗೆ ಬಂದಿದ್ದವು. ಉಳಿದವು ಲೆಕ್ಕಕ್ಕಿಲ್ಲ.

"ಎರಡು ಕಡಿಮೆ ಬಿದ್ದಾವೆ," ಎಂದು ತನ್ನಷ್ಟಕ್ಕೆ ಗೊಣಗಿಕೊಂಡ.

ಗುಜರಿಯವನನ್ನು ಕೇಳಿದರೆ ಇನ್ನೊಂದು ತಿಂಗಳು ಕಾಯಬೇಕು ಎಂದ. ತಿಪ್ಪೇಶನಿಗೆ ಎಲ್ಲಿಯ ತಿಂಗಳು! ಬೈಪಾಸಿನ ಪಕ್ಕ ಮಾವ ಕೊಟ್ಟ ಜಾಗದಲ್ಲಿ ಅವನ ಸ್ವಂತ ಶೆಡ್ಡು ಎದ್ದು ನಿಂತಿತ್ತು. ಹೆಂಡತಿ ಬಾಗಿಲಿಗೆ ಹಸಿರು ಬಣ್ಣ ಹೊಡೆದಿದ್ದಳು. ಬರುವ ಸೋಮವಾರ ಪೂಜೆ ಎಂದು ನೆಂಟರಿಗೆಲ್ಲ ಹೇಳಿಯೂ ಆಗಿತ್ತು.

ಹತ್ತೇ ಬ್ಯಾಟರಿ ಹಾಕಿದರೂ ಕಾರು ಓಡುತ್ತಿತ್ತು. ಆದರೆ ನಿಧಾನ. ಏರಿನಲ್ಲಿ ಎಮ್ಮೆ ನಡೆದಂತೆ ನಡೆದರೆ ಉಸ್ತಾದರು ಹೂಂ ಅಂದಾರೆಯೇ? ಅವನಿಗೆ ಧೈರ್ಯ ಸಾಲಲಿಲ್ಲ.

ಅವನು ಆ ಎರಡು ಏದುಸಿರಿನವನ್ನೂ ಸೇರಿಸಿ ಹನ್ನೆರಡು ಮಾಡಿದ. ಹತ್ತನ್ನು ಮುಂದೆ, ಎಂಜಿನ್ನಿದ್ದ ಜಾಗದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟ. ಎರಡನ್ನು ಹಿಂದಿನ ಸೀಟಿನ ಕೆಳಗೆ ಹುದುಗಿಸಿ ಮೇಲೆ ಹಲಗೆ ಬಡಿದ. ಸಾಲಿನಲ್ಲಿ ಒಂದು ಸೋತರೆ ಇಡೀ ಗಾಡಿ ನಿಲ್ಲುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇಂದಲ್ಲ ನಾಳೆ ಒಳ್ಳೆಯವು ಸಿಕ್ಕಾಗ ಬದಲಿಸಿದರಾಯಿತು ಎಂದುಕೊಂಡ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಹಲಗೆಗೆ ಒಂದು ಮೊಳೆ ಸಾಕಿದ್ದಲ್ಲಿ ಆರು ಹೊಡೆದಿದ್ದ.

ಶನಿವಾರ ಬೆಳಿಗ್ಗೆ ಉಸ್ತಾದರು ಬಿಳಿ ಟೋಪಿ ಹಾಕಿಕೊಂಡು ಬಂದರು. ಹಿಂದಿನ ಬಾಗಿಲು ತೆಗೆದು ಕೂತರು. ಹಾಲಮ್ಮ ಟೀಚರು ಹೊಳೆಯ ಮೆಟ್ಟಿಲ ಮೇಲೆ ಕೈಚೀಲ ಹಿಡಿದು ನಿಂತಿದ್ದರು.

ಕಾರು ಹೊರಟಿತು. ಸದ್ದಿಲ್ಲ, ಹೊಗೆಯಿಲ್ಲ. ಚಕ್ರದ ಕೆಳಗೆ ಜಲ್ಲಿ ಚರಚರ ಎನ್ನುವುದಷ್ಟೇ ಕೇಳುತ್ತಿತ್ತು. ಏರನ್ನು ಒಂದೇ ಉಸಿರಿಗೆ ಹತ್ತಿತು. ಕೆಳಗೆ ಟೀಚರು ಸಣ್ಣ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. ತಿಪ್ಪೇಶನ ಕಣ್ಣಲ್ಲಿ ನೀರೇ ಬಂತು.

ಎರಡನೇ ಸಲವೂ ಹತ್ತಿತು.

ಮೂರನೇ ಸಲ ಮೇಲೆ ಬಂದು ನಿಂತಾಗ ಉಸ್ತಾದರು ಹಿಂದಿನಿಂದ ಹೇಳಿದರು:

"ಸೀಟು ಬೆಚ್ಚಗೈತಲೇ ತಿಪ್ಪೇಶ. ನನ್ನ ಸೊಂಟ ನೋವಿಗೆ ಹಿತವಾಗೇತಿ."

ತಿಪ್ಪೇಶನ ಬೆನ್ನಲ್ಲಿ ಬೆವರೊಡೆಯಿತು. ಸೋಲುವ ಬ್ಯಾಟರಿ ಬಿಸಿಯಾಗುತ್ತದೆ.

"ಬಿಸಿಲು ಬಿದ್ದಿರಬೇಕ್ರಿ," ಎಂದ.

"ಇರಬೇಕು," ಎಂದರು ಉಸ್ತಾದರು. ಆಕಾಶದಲ್ಲಿ ಮೋಡ ಕವಿದಿತ್ತು.

ಅವರು ಇಳಿದು ಜೇಬಿನಿಂದ ಬಿಳಿ ಬಣ್ಣದ ಪುಟ್ಟ ಡಬ್ಬಿ, ಒಂದು ಕುಂಚ ತೆಗೆದರು. ಇದೂ ಆ ಶೆಡ್ಡಿನ ಪದ್ಧತಿಯೇ. ಏರು ಹತ್ತಿಸಿದ ಶಿಷ್ಯ ಬಾನೆಟ್ಟಿನ ಒಳಗಡೆ ತನ್ನ ಹೆಸರು ಬರೆಯುತ್ತಾನೆ. ಗಾಡಿ ಇರುವವರೆಗೆ ಆ ಹೆಸರು ಇರುತ್ತದೆ. ದಾರಿಯಲ್ಲಿ ಎಲ್ಲಿ ಕೆಟ್ಟು ನಿಂತರೂ ಬಾನೆಟ್ಟು ಎತ್ತಿದವರು ಮೊದಲು ಓದುವುದು ಅದನ್ನೇ.

"ಬರಿ," ಎಂದರು ಉಸ್ತಾದರು.

ಅಷ್ಟರಲ್ಲಿ ಟೀಚರು ಏದುತ್ತ ಏರು ಹತ್ತಿ ಬಂದರು.

"ನಾಳೆ ನಮ್ಮಕ್ಕನ ಊರಿಗೆ ಹೋಗ್ತೀನಪ್ಪ ತಿಪ್ಪೇಶ. ಕಾಡಿನ ದಾರಿ. ಒಬ್ಬಾಕಿನೇ ಹೋಗ್ತೀನಿ ಅಂದ್ರೆ ಅಕ್ಕ ಬೈತಾಳೆ. ಬುಡನ್ ಸಾಬ್ರ ಶಿಷ್ಯ ಮಾಡಿದ ಗಾಡಿ, ನನಗೇನು ಹೆದರಿಕಿ ಅಂದೆ."

ತಿಪ್ಪೇಶ ಕುಂಚ ಅದ್ದಿದ. ಬಾನೆಟ್ಟಿನ ಒಳಗೆ 'ತಿ' ಎಂದು ಬರೆದ.

ಕೈ ಮುಂದೆ ಹೋಗಲಿಲ್ಲ.

ಹನ್ನೊಂದು ವರ್ಷ ಕಾದದ್ದು ಈ ಮೂರಕ್ಷರ ಬರೆಯುವುದಕ್ಕೆ. ಹಸಿರು ಬಾಗಿಲು ಕಣ್ಣಿಗೆ ಕಟ್ಟಿತು. ಸೋಮವಾರದ ನೆಂಟರು ಕಂಡರು. ಆಮೇಲೆ ಕಾಡಿನ ದಾರಿಯಲ್ಲಿ ಈ ಬಾನೆಟ್ಟು ಎತ್ತಿಕೊಂಡು, ತನ್ನ ಹೆಸರನ್ನು ನೋಡುತ್ತ ನಿಂತ ಮುದುಕಿಯೊಬ್ಬಳು ಕಂಡಳು. ಕುಂಚದ ತುದಿಯಿಂದ ಬಣ್ಣ ಅವನ ಕಾಲಿನ ಮೇಲೆ ತೊಟ್ಟಿಕ್ಕಿತು.

"ಏನಾತು?" ಎಂದರು ಉಸ್ತಾದರು. "ನಿನ್ನ ಹೆಸರು ಮರೆತೆಯಾ?"

ತಿಪ್ಪೇಶ ಕುಂಚವನ್ನು ಡಬ್ಬಿಯ ಮೇಲೆ ಇಟ್ಟ. ಟೀಚರ ಕಡೆ ತಿರುಗಿದ.

"ಟೀಚರ್, ನಾಳೆ ಇದನ್ನ ತಗಂಡು ಹೋಗಬ್ಯಾಡ್ರಿ. ಹಿಂದಿನ ಸೀಟಿನ ಕೆಳಗೆ ಎರಡು ಸೋತ ಬ್ಯಾಟರಿ ಅದಾವೆ. ಗೊತ್ತಿದ್ದೂ ಹಾಕೀನಿ. ಕಾಣಬಾರದು ಅಂತ ಹಲಗೆ ಬಡಿದೀನಿ."

ಟೀಚರು ಅವನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿದರು. ನೂರಾರು ಮಕ್ಕಳ ತಪ್ಪು ತಿದ್ದಿದ ಕಣ್ಣು ಅದು. ತಿಪ್ಪೇಶ ಎದುರಿಸಲಾರದೆ ನೆಲ ನೋಡಿದ.

"ತೆಗೆದ್ರೆ ಓಡಲ್ಲೇನು?" ಎಂದು ಕೇಳಿದರು.

"ಓಡ್ತೈತ್ರಿ. ನಿಧಾನ ಆಗ್ತೈತಿ."

"ನಿಧಾನ ಆದ್ರೆ ನನಗೇನು ಬಸ್ಸು ತಪ್ಪಿಹೋಗ್ತೈತಾ? ಇದನ್ನ ಮೊದಲೇ ಕೇಳಬಾರದಿತ್ತಾ ನೀನು?"

ಇಷ್ಟು ಸಣ್ಣ ಮಾತನ್ನು ಆರು ಮೊಳೆ ಹೊಡೆದು ಮುಚ್ಚಿಟ್ಟೆನಲ್ಲ ಎಂದು ತಿಪ್ಪೇಶನಿಗೆ ನಾಚಿಕೆಯಾಯಿತು.

ಅವನು ಉಸ್ತಾದರ ಹತ್ತಿರ ಬಂದ.

"ನಿಮಗೆ ಯಾವಾಗ ಗೊತ್ತಾತ್ರಿ ಉಸ್ತಾದ್?"

"ಮೊಳೆ ಹೊಡೆಯೋ ಸದ್ದು ಕೇಳ್ತಿತ್ತು. ಒಂದು, ಎರಡು ಅಂತ ಎಣಿಸ್ತಾ ಕುಂತಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ? ಅದರ ಮೇಲೆ ಯಾಕೆ ಕುಂತ್ರಿ?"

"ಗಾಡಿಗೆ ಪರೀಕ್ಷೆ ಮೂರು ಸಲ ಏರು ಹತ್ತೋದು. ಅದು ಗಾಡಿದು. ನಿಂದು ಕುಂಚ ಹಿಡಿದಾಗ."

ಉಸ್ತಾದರು ಹೊಳೆಯ ಕಡೆ ನೋಡುತ್ತ ನಿಂತರು.

ತಿಪ್ಪೇಶ ಬಟ್ಟೆ ತೆಗೆದುಕೊಂಡು ಬಾನೆಟ್ಟಿನ ಒಳಗಿನ 'ತಿ'ಯನ್ನು ಒರೆಸಿದ. ಬಣ್ಣ ಹಸಿಯಿದ್ದರೂ ಪೂರ್ತಿ ಹೋಗಲಿಲ್ಲ. ಬಿಳಿ ಕಲೆಯೊಂದು ಉಳಿಯಿತು.

"ಸೋಮವಾರದ ಪೂಜೆ ನಿಲ್ಲಿಸ್ತೀನ್ರಿ," ಎಂದ. "ನೆಂಟರಿಗೆ ನಾನೇ ಹೇಳ್ತೀನಿ. ಗಾಡಿನ ನಿಮ್ಮ ಶೆಡ್ಡಿಗೆ ಇಳಿಸ್ತೀನಿ. ಆ ಎರಡನ್ನ ತೆಗೆದು, ಹತ್ತರ ಮೇಲೆ ಓಡೋ ಹಂಗೆ ಮಾಡ್ತೀನಿ. ಇನ್ನೂ ಎಷ್ಟು ವರ್ಷ ಅಂದ್ರೂ ನಿಮ್ಮ ಹತ್ರಾನೇ ಇರ್ತೀನಿ."

ಉಸ್ತಾದರು ಬಣ್ಣದ ಡಬ್ಬಿಯ ಮುಚ್ಚಳ ಹಾಕಿ ಅವನ ಅಂಗಿಯ ಜೇಬಿಗೆ ಇಳಿಸಿದರು.

"ನನ್ನ ಶೆಡ್ಡಿಗ್ಯಾಕೆ? ಟೀಚರ ಗಾಡಿ ಕೆಟ್ಟೈತಿ. ನಿನ್ನ ಶೆಡ್ಡಿಗೆ ತಗಂಡು ಹೋಗು."